ಚಿಕ್ಕಪ್ಪ, ಬ್ಯಾಟರಿಗೆ ದುಡ್ಡು ಕೊಡಬೇಡಿ

ಚಿಕ್ಕಪ್ಪ, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮಧ್ಯಾಹ್ನ ಆಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಬೇಜಾರಾದವರು ಓಡಿಸಿಕೊಂಡು ಕೇಳಿ.

ನೀವು ಹೇಳಿದ್ದು ಇಷ್ಟು ಅಲ್ವಾ? ಭಾವ ಬೆಂಗಳೂರಿನಿಂದ ಕೊಟ್ಟುಹೋದ ಹಳೇ ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಇಂಜಿನ್ ಜೊತೆಗೆ ಬ್ಯಾಟರಿಯಿಂದ ಓಡುವ ಕರೆಂಟಿನ ಮೋಟರೂ ಇರುವಂಥದ್ದು, ಹತ್ತು ವರ್ಷ ದಾಟಿದೆ. ಬೆಳಿಗ್ಗೆ ಡ್ರೈವರ್ ಬಾಗಿಲು ತೆಗೆದ ತಕ್ಷಣ ಮುಂದುಗಡೆ ‘ಝೂಂ’ ಅಂತ ಸದ್ದು. ಕಾರು ಇನ್ನೂ ಆನ್ ಕೂಡ ಆಗಿರುವುದಿಲ್ಲ. ಮೊನ್ನೆ ಶಿರಾದಿಂದ ಬಂದು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದಾಗ, ನಿಂತಲ್ಲೇ ಮತ್ತೆ ಮತ್ತೆ ಅದೇ ಸದ್ದು. ಗ್ಯಾರೇಜಿನವನು ಬಾನೆಟ್ ಎತ್ತಿ, ಒಂದು ನಿಮಿಷ ಕೇಳಿ, ‘ದೊಡ್ಡ ಬ್ಯಾಟರಿ ಹೋಗಿದೆ, ಲಕ್ಷದ ಮೇಲೆ ಆಗುತ್ತೆ’ ಅಂದ. ಭಾನುವಾರ ಬೇರೆ ನೀವು ಎಲ್ಲರನ್ನೂ ಆ ಕಾರಿನಲ್ಲೇ ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗುವವರು.

ಚಿಕ್ಕಪ್ಪ, ನಿಮ್ಮ ಕಾರಿನಲ್ಲಿ ದೊಡ್ಡ ಬ್ಯಾಟರಿ ಇರುವುದು ಹಿಂದಿನ ಸೀಟಿನ ಬೆನ್ನಿಗೆ. ಸದ್ದು ಬರುತ್ತಿರುವುದು ಮುಂದೆ. ಹಲ್ಲು ನೋವು ಅಂತ ಹೋದವರಿಗೆ ಮೊಣಕಾಲಿಗೆ ಪಟ್ಟಿ ಕಟ್ಟಿದ ಹಾಗಾಯಿತು. ಆ ‘ಝೂಂ’ ನನಗೆ ಗೊತ್ತಿರುವ ಸದ್ದೇ. ಅದು ಬ್ರೇಕಿನ ಪಂಪು.

ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ನಾವು ಮೆಲ್ಲಗೆ ಒತ್ತಿದರೂ ಬ್ರೇಕ್ ಜೋರಾಗಿ ಹಿಡಿಯುವುದಕ್ಕೆ ಇಂಜಿನ್ನೇ ಸಹಾಯ ಮಾಡುತ್ತದೆ. ಇಂಜಿನ್ ಗಾಳಿ ಎಳೆದುಕೊಳ್ಳುತ್ತದಲ್ಲ, ಆ ನಿರ್ವಾತದ ಬಲ. ಹೈಬ್ರಿಡ್‌ನಲ್ಲಿ ಇಂಜಿನ್ ಅರ್ಧ ಹೊತ್ತು ಮಲಗಿಯೇ ಇರುತ್ತದೆ. ಅದನ್ನು ನಂಬಿಕೊಂಡು ಬ್ರೇಕ್ ಒತ್ತುವುದಕ್ಕೆ ಆಗುತ್ತದಾ? ಅದಕ್ಕೆ ನಿಮ್ಮ ಕಾರಿನಲ್ಲಿ ಕರೆಂಟಿನ ಪಂಪು ಇಟ್ಟಿದ್ದಾರೆ. ಅದು ಬ್ರೇಕ್ ಆಯಿಲನ್ನು ಒಂದು ಗಟ್ಟಿ ಸಿಲಿಂಡರಿಗೆ ಒತ್ತಿ ತುಂಬಿಡುತ್ತದೆ. ಅಕ್ಯುಮುಲೇಟರ್ ಅಂತಾರೆ. ನೀವು ಬಾಗಿಲು ತೆಗೆದ ಕೂಡಲೇ, ಯಜಮಾನರು ಬಂದರು ಅಂತ ಎದ್ದು ಒತ್ತಡ ತುಂಬಿಕೊಳ್ಳುತ್ತದೆ. ಕೆಲವು ಸೆಕೆಂಡ್ ಕೂಗಿ ಸುಮ್ಮನಾದರೆ ಅದು ರೋಗ ಅಲ್ಲ, ಅದರ ಕೆಲಸ.

ಅಂದರೆ ಬೆಳಗಿನ ಸದ್ದಿಗೆ ಹೆದರಬೇಕಾಗಿಲ್ಲ. ನನಗೆ ಹೆದರಿಕೆ ಇರುವುದು ಕ್ಯಾತ್ಸಂದ್ರದ ಸದ್ದಿನ ಬಗ್ಗೆ.

ನಮ್ಮ ಮನೆ ಟೆರೇಸಿನ ಪ್ರೆಶರ್ ಪಂಪ್ ನೆನಪಿದೆಯಾ? ನಲ್ಲಿ ತಿರುಗಿಸಿದರೆ ಆನ್, ನಿಲ್ಲಿಸಿದರೆ ಆಫ್. ಹೋದ ವರ್ಷ ಎಲ್ಲರೂ ಮಲಗಿದ ಮೇಲೆ ಅದು ತಾನಾಗೇ ಗುರ್ ಅಂತಿತ್ತು. ಅಜ್ಜಿ ದೆವ್ವ ಅಂದರು. ನೋಡಿದರೆ ಫ್ಲಶ್ ಟ್ಯಾಂಕ್ ಸೋರುತ್ತಿತ್ತು. ನಿಮ್ಮ ಕಾರಿನದೂ ಅದೇ ಲೆಕ್ಕ. ಯಾರೂ ಬ್ರೇಕ್ ಮುಟ್ಟದೆ ಪಂಪು ಪದೇ ಪದೇ ಎದ್ದರೆ, ಒಳಗೆಲ್ಲೋ ಒತ್ತಡ ಸೋರುತ್ತಿದೆ. ಹೊರಗೆ ಒಂದು ಹನಿ ಆಯಿಲ್ ಕಾಣಿಸಬೇಕು ಅಂತಲೂ ಇಲ್ಲ, ಒಳಗಿಂದೊಳಗೇ ಸೋರಬಹುದು.

ಸಾಯಂಕಾಲ ಒಂದು ಕೆಲಸ ಮಾಡಿ. ಸಮತಟ್ಟಾದ ಜಾಗದಲ್ಲಿ, ಶೆಡ್ಡಿನಿಂದ ಹೊರಗೆ ಕಾರು ನಿಲ್ಲಿಸಿ. ಪಿ ಗೇರ್, ಪಾರ್ಕಿಂಗ್ ಬ್ರೇಕ್. ಡ್ಯಾಶ್‌ಬೋರ್ಡಿನಲ್ಲಿ ರೆಡಿ ಅಂತ ಬರಲಿ. ಎಸಿ, ರೇಡಿಯೋ ಎಲ್ಲ ಬಂದ್. ಬ್ರೇಕನ್ನು ನಾಲ್ಕೈದು ಸಲ ಒತ್ತಿ, ಪಂಪು ಕೂಗುತ್ತದೆ, ಕೂಗಲಿ. ಅದು ನಿಂತ ಮೇಲೆ ಕಾಲು ತೆಗೆದು ಸುಮ್ನೆ ಕೂತುಕೊಳ್ಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಹತ್ತು, ಇಪ್ಪತ್ತು ಸೆಕೆಂಡಿಗೊಂದು ಸಲ ಮತ್ತೆ ‘ಝೂಂ’ ಬಂತು ಅಂದರೆ ಆ ಕಾರು ಅಲ್ಲಿಂದ ಕದಲಬಾರದು. ಬ್ರೇಕ್ ದೀಪ, ಎಬಿಎಸ್ ದೀಪ ಹತ್ತಿ ಬೀಪ್ ಅಂದರಂತೂ ಲಾರಿ ಮೇಲೆ ಹಾಕಿಕೊಂಡೇ ಹೋಗಬೇಕು. ಪಂಪು ಹಾಗೆ ಪದೇ ಪದೇ ಓಡುತ್ತಿದ್ದರೆ ಚಿಕ್ಕ 12 ವೋಲ್ಟ್ ಬ್ಯಾಟರಿಯನ್ನೂ ಅದು ಹೀರುತ್ತದೆ, ಆಗ ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ. ಅದನ್ನು ನೋಡಿದವರು ಮತ್ತೆ ‘ದೊಡ್ಡ ಬ್ಯಾಟರಿ’ ಅಂತಾರೆ.

ಇನ್ನೊಂದು, ಈ ಬ್ರೇಕನ್ನು ಮಾಮೂಲಿ ಕಾರಿನ ಥರ ಬಿಚ್ಚಬಾರದು. ಪ್ಯಾಡ್ ತೆಗೆದಿರುವಾಗ ಯಾರಾದರೂ ಬಾಗಿಲು ತೆಗೆದರೆ ಪಂಪು ಎದ್ದುಬಿಡಬಹುದು, ಕೈ ಬೆರಳು ಒಳಗಿದ್ದರೆ ಕಷ್ಟ. ಬ್ರೇಕ್ ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆಯುವುದಕ್ಕೂ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು. ಮತ್ತೆ ಆರೆಂಜ್ ಬಣ್ಣದ ವೈರು ಕಂಡರೆ ಯಾರೂ ಕೈ ಹಾಕುವುದು ಬೇಡ, ಅದರಲ್ಲಿ 200 ವೋಲ್ಟಿಗಿಂತ ಜಾಸ್ತಿ ಓಡುತ್ತದೆ. ಹೈಬ್ರಿಡ್ ಗೊತ್ತಿರುವವರಿಗೇ ಕೊಡಿ.

ಒಂದು ನಿಮಿಷ, ಕುಕ್ಕರ್ ಕೂಗುತ್ತಿದೆ.

ಹಾಂ, ಬಂದೆ. ನನ್ನ ಕಾರಿನ ಕಥೆ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಏಪ್ರಿಲ್ ಬಿಸಿಲಿನಲ್ಲಿ ನನ್ನ ಹೈಬ್ರಿಡ್‌ನ ಹಿಂದಿನ ಸೀಟಿನಿಂದ ಹೇರ್ ಡ್ರೈಯರ್ ಥರ ‘ಹುಶ್’ ಅಂತ ಸದ್ದು ಶುರುವಾಯಿತು. ಒಂದು ಗ್ಯಾರೇಜಿಗೆ ಹೋದೆ. ಹೆಸರು ಬೇಡ. ‘ಮೇಡಂ, ಸರ್‌ನ ಕರ್ಕೊಂಡು ಬನ್ನಿ’ ಅಂದರು. ಸರ್‌ಗೆ ಸ್ಟೆಪ್ನಿ ಎಲ್ಲಿದೆ ಅಂತಲೂ ಗೊತ್ತಿಲ್ಲ, ಅದು ಬೇರೆ ವಿಷಯ. ಅಲ್ಲಿಯೂ ಬ್ಯಾಟರಿ ಬದಲಾಯಿಸಿ ಅಂತಲೇ ಹೇಳಿದರು. ಆ ಬ್ಯಾಟರಿ ತಣ್ಣಗಿರಲು ಒಂದು ಫ್ಯಾನ್ ಇದೆ, ಅದು ಕಾರಿನ ಒಳಗಿನ ಗಾಳಿಯನ್ನೇ ಎಳೆಯುತ್ತದೆ. ಸೀಟಿನ ಪಕ್ಕದಲ್ಲಿ ಜಾಲರಿ ಇರುತ್ತದೆ, ನೋಡಿ. ನಾನು ಅದರ ಮುಂದೆ ಅಕ್ಕಿ ಚೀಲ ಇಡುತ್ತಿದ್ದೆ! ಒಳಗೆ ಧೂಳು, ನಾಯಿ ಕೂದಲು, ಕಡಲೆಕಾಯಿ ಸಿಪ್ಪೆ. ಗಾಳಿ ಸಾಲದೆ ಬ್ಯಾಟರಿ ಬಿಸಿಯಾಗಿ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಬೇರೆ ಕಡೆ ಬಿಚ್ಚಿ ಕ್ಲೀನ್ ಮಾಡಿಸಿದೆ. ಆ ಬ್ಯಾಟರಿ ಇವತ್ತಿಗೂ ಓಡುತ್ತಿದೆ. ಶಿರಾದ ಧೂಳಿಗೆ ನಿಮ್ಮದನ್ನೂ ಒಮ್ಮೆ ನೋಡಿಸಿ, ಆದರೆ ಅದಕ್ಕೆ ಅವಸರ ಇಲ್ಲ.

ಅದೇ ಕಾರಿನಲ್ಲಿ ತಿರುವಿನಲ್ಲೆಲ್ಲ ‘ಟಕ್’ ಅಂತ ಇನ್ನೊಂದು ಸದ್ದು ತಿಂಗಳುಗಟ್ಟಲೆ ಇತ್ತು. ಸಸ್ಪೆನ್ಷನ್ ಅಂದುಕೊಂಡೆ. ಸ್ಟೆಪ್ನಿ ಗುಂಡಿಯಲ್ಲಿ ತಿಪಟೂರಿನ ಕೊಬ್ಬರಿ ಗಿಟುಕು ಉರುಳಾಡುತ್ತಿತ್ತು.

ದೇವರಾಯನದುರ್ಗದ ಬೆಟ್ಟದಿಂದ ಇಳಿಯುವಾಗ ಇಂಜಿನ್ ಯಾಕೆ ಕಿರುಚುತ್ತದೆ ಅಂತಲೂ ಕೇಳಿದ್ದಿರಿ. ಇಳಿಜಾರಿನಲ್ಲಿ ಮೋಟರೇ ಜನರೇಟರ್ ಆಗಿ ಬ್ಯಾಟರಿ ತುಂಬುತ್ತದೆ, ಹಾಗೆ ತುಂಬುವಾಗ ಕಾರಿನ ವೇಗವನ್ನೂ ತಡೆಯುತ್ತದೆ. ಬ್ಯಾಟರಿ ತುಂಬಿದ ಮೇಲೆ ಆ ಶಕ್ತಿ ಎಲ್ಲಿಗೆ ಹೋಗಬೇಕು? ಇಂಜಿನ್ನನ್ನು ಸುಮ್ನೆ ತಿರುಗಿಸಿ ಖರ್ಚು ಮಾಡುತ್ತದೆ. ಆಕ್ಸಿಲರೇಟರ್ ಒತ್ತದೆ ಸದ್ದು ಬರುವುದು ಅದಕ್ಕೆ. ಅದು ಸರಿಯಾಗಿದೆ. ಆದರೆ ಅಂಥ ಹೊತ್ತಿನಲ್ಲಿ ಬ್ಯಾಟರಿ ಬ್ರೇಕಿನ ಭಾರ ಹೊರುವುದಿಲ್ಲ, ಕಾಲಿನ ಬ್ರೇಕಿಗೇ ಕೆಲಸ ಜಾಸ್ತಿ. ಆ ಬ್ರೇಕಿನ ಮೇಲೇ ನಮಗೆ ಈಗ ಅನುಮಾನ.

ಅದಕ್ಕೆ ಭಾನುವಾರ ನನ್ನ ಕಾರಿನಲ್ಲೇ ಹೋಗೋಣ. ಕೆಳಗೆ ಭೋಗಾನರಸಿಂಹನನ್ನು ನೋಡಿಕೊಂಡು ಮೇಲೆ ಯೋಗಾನರಸಿಂಹನ ಹತ್ತಿರ ಹೋದರಾಯಿತು. ನೀವು ಬಸ್ಸಿನಲ್ಲಿ ತುಮಕೂರಿಗೆ ಬನ್ನಿ, ಸ್ಟ್ಯಾಂಡಿನಿಂದ ಕರೆದುಕೊಂಡು ಹೋಗುತ್ತೇನೆ. ರೆಕಾರ್ಡಿಂಗ್ ರಾತ್ರಿಯೊಳಗೆ ಕಳಿಸಿ. ಚಿಕ್ಕಮ್ಮನಿಗೆ ಹೇಳಿ, ಪುಳಿಯೋಗರೆ ಡಬ್ಬ ತೊಡೆ ಮೇಲೆ ಇಟ್ಟುಕೊಳ್ಳಬೇಕು, ಜಾಲರಿ ಮುಂದೆ ಬೇಡ.