ಶಾಲೆಗೆ ಸಿಟಿ ನೀರಿನ ನಳ: ದುಡ್ಡು ಎಲ್ಲಿಂದ?

ಪ್ರಶ್ನೆ: ಗದಗ-ಬೆಟಗೇರಿ ಅಂಚಿನ ಸರ್ಕಾರಿ ಶಾಲೆ, ಓದುವವರೆಲ್ಲ ಕೂಲಿಕಾರರ ಮಕ್ಕಳು, ಕುಡಿಯುವುದು ಬೋರ್‌ವೆಲ್ ನೀರು. ತುಂಗಭದ್ರಾ ನೀರಿನ ಪೈಪ್ ಪಕ್ಕದ ರಸ್ತೆವರೆಗೂ ಬಂದಿದೆ! ಅಲ್ಲಿಂದ ಶಾಲೆವರೆಗೆ ಎಳೆಯಲು ಸರ್ಕಾರದ ದುಡ್ಡು ಸಿಗುತ್ತದಾ?

ಉತ್ತರ: ಕೇಳಬೇಕು ರೀ. ಎಸ್‌ಡಿಎಂಸಿಯಲ್ಲಿ (ಶಾಲೆಯ ಅಭಿವೃದ್ಧಿ ಸಮಿತಿ) ಠರಾವು ಮಾಡಿಸಿ ನಗರಸಭೆಗೆ ಅರ್ಜಿ ಕೊಡಿ, ಎಸ್ಟಿಮೇಟ್ ಮಾಡಿಸಿಕೊಳ್ಳಿ, ಅದನ್ನೇ ಹಿಡಿದು ಶಾಸಕರ ನಿಧಿಯನ್ನೂ ಕೇಳಿ. ಜಲ ಜೀವನ್ ಮಿಷನ್ ಹಳ್ಳಿಗಳಿಗೆ, ಅದರ ಹಿಂದೆ ಸುಮ್ನೆ ಓಡಾಡಬೇಡಿ.

ಉತ್ತರ: ಮೊದಲು ನೀರು ಟೆಸ್ಟ್ ಮಾಡಿಸಿ. ನಮ್ಮ ಜಿಲ್ಲೆಯ ಹಲವು ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು, ಕುದಿಸಿದರೂ ಅದು ಹೋಗುವುದಿಲ್ಲ. ರಿಪೋರ್ಟ್ ಇದ್ದರೆ ಅರ್ಜಿಗೆ ತೂಕ.

ಉತ್ತರ: ಆರ್‌ಒ ಮಷಿನ್ ಕೊಡುತ್ತೇವೆ ಅಂದರೆ ಅಷ್ಟಕ್ಕೇ ಸುಮ್ಮನಾಗಬೇಡಿ, ಆಮೇಲೆ ಫಿಲ್ಟರ್ ಬದಲಿಸುವವರು ಯಾರು? ನೀರು ತುಂಬಿಡಲು ಸಂಪ್ (ನೆಲದೊಳಗಿನ ತೊಟ್ಟಿ) ಕೂಡ ಎಸ್ಟಿಮೇಟಿನಲ್ಲಿ ಸೇರಿಸಿ. ನಮ್ಮಲ್ಲಿ ನೀರು ದಿನಾ ಬರುವುದಿಲ್ಲ, ಅಲ್ವಾ?