ತಂಗಿಗೆ ಪ್ಯಾನಿಕ್ ಅಟ್ಯಾಕ್: ಧಾರವಾಡ ಕಡೆ ಥೆರಪಿ ತಗೊಂಡವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಹಾವೇರಿ ಕಡೆಯವರು. ಮೂರು ತಿಂಗಳಿಂದ ನನ್ನ ತಂಗಿಗೆ ಇದ್ದಕ್ಕಿದ್ದಂತೆ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ, ಉಸಿರು ಕಟ್ಟಿದಂತಾಗುತ್ತದೆ. ಹತ್ತು-ಹದಿನೈದು ನಿಮಿಷದಲ್ಲಿ ತಾನೇ ಇಳಿಯುತ್ತದೆ. ಮೊನ್ನೆ ಬಸ್ಸಿನಲ್ಲಿ ಹಾಗಾದಾಗ ಉಗುರು ಊರುವಷ್ಟು ಗಟ್ಟಿಯಾಗಿ ನನ್ನ ಕೈ ಹಿಡಿದು, "ಅಣ್ಣಾ, ಜೀವಾ ಹೊಂಟೈತಿ" ಅಂದಳು. ಅವತ್ತಿನಿಂದ ಬಸ್ ಹತ್ತುತ್ತಿಲ್ಲ.

ಇಸಿಜಿ, ಥೈರಾಯ್ಡ್ ಎರಡೂ ನಾರ್ಮಲ್. ಗಾಳಿ ಸೋಕಿದೆ ಅಂತ ಅಜ್ಜಿ ತಾಯಿತ ಕಟ್ಟಿಸಿದರು. ನಾನು ಬೇಡ ಅನ್ನಲಿಲ್ಲ, ಆದರೆ ಡಾಕ್ಟರಿಗೂ ತೋರಿಸಬೇಕು ಅಲ್ವಾ? 14416, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ಗೆ ಫೋನ್ ಮಾಡಿದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಿದರು, ಮನೋವೈದ್ಯರ ಹತ್ತಿರ ಹೋಗಲು ಹೇಳಿದರು. ಹೋಗಿ ತೋರಿಸಿದೆವು. ಅವರು ಕೊಟ್ಟ ಮಾತ್ರೆ ಹಿಡಿಯಲು ಕೆಲವು ವಾರ ಬೇಕಂತೆ. ಇವಳು ಹತ್ತೇ ದಿನಕ್ಕೆ ಬಿಡ್ತೀನಿ ಅಂತಿದ್ದಾಳೆ.

ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಥೆರಪಿ) ತಗೊಂಡವರು ಇದ್ದೀರಾ? ಎಷ್ಟು ಸಲ ಹೋಗಬೇಕಾಯಿತು? ತಾಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ನಲ್ಲಿ ಮಾತ್ರೆ ಮುಂದುವರಿಸಬಹುದಾ? ಮತ್ತೆ ಬಸ್ ಹತ್ತುವಂತಾಗಲು ನಿಮ್ಮ ಮನೆಯಲ್ಲಿ ಏನು ಮಾಡಿದಿರಿ? ಸುಮ್ನೆ "ಧೈರ್ಯವಾಗಿರು" ಅಂತ ಮಾತ್ರ ಬರೀಬೇಡಿ, ದಯವಿಟ್ಟು. ಅದನ್ನು ದಿನಾ ಕೇಳಿ ಕೇಳಿ ಅವಳು ಅಳುತ್ತಾಳೆ.