ಸೊಳ್ಳೆ ಎಷ್ಟು ದೂರ ಹೋಗುತ್ತದೆ? ಸಿದ್ದುವಿಗೆ ದೊಡ್ಡವ್ವನ ಉತ್ತರ

ಎಲ್ಲರಿಗೂ ಶರಣು. ಸಿದ್ದು, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ್ದನ್ನು ಮೊಮ್ಮಗಳು ಓದಿ ಹೇಳಿದಳು. ಮಲೇರಿಯಾ ಸೊಳ್ಳೆ ಒಂದೇ ರಾತ್ರಿಗೆ 300 ಕಿಲೋಮೀಟರ್ ಹೋಗುತ್ತದಂತೆ, ಹೈದರಾಬಾದಿನ ಸೊಳ್ಳೆ ಬೆಳಗಾಗುವುದರೊಳಗೆ ನಮ್ಮೂರು ಮುಟ್ಟುತ್ತದೆ ಎಂದ ಮೇಲೆ ಊರ ಹಿಂದೆ ಪರಸಿ ಕಲ್ಲು ತೆಗೆದು ನೀರು ನಿಲ್ಲುವ ಗುಂಡಿಗಳನ್ನು ಗರಸು ಹಾಕಿ ಮುಚ್ಚಿಸಲು ಮನೆಗೆ ಇನ್ನೂರು ರೂಪಾಯಿ ಏಕೆ ಕೊಡಬೇಕು ಎಂದು ಕೇಳಿದ್ದೀಯ. ಕೆಳಗೆ ಹನ್ನೊಂದು ಜನ ಹೆಬ್ಬೆರಳು ಎತ್ತಿದ್ದಾರೆ, ಅದರಲ್ಲಿ ನನ್ನ ಮಗನೂ ಒಬ್ಬ. ಬರೆಯಲು ನನ್ನ ಬೆರಳು ಓಡುವುದಿಲ್ಲ, ಮಾತಿನಲ್ಲೇ ಹೇಳುತ್ತೇನೆ. ಉದ್ದವಾಗುತ್ತದೆ. ಜೋಳ ಹಸನು ಮಾಡುತ್ತಾ ಕೇಳಿಸಿಕೊಳ್ಳಿ.

ಮೊದಲು ಹೇಳಿಬಿಡುತ್ತೇನೆ, ಆ 300 ಸುಳ್ಳಲ್ಲ. ಆಫ್ರಿಕಾದ ಮಾಲಿ ಎಂಬ ದೇಶದ ಹಳ್ಳಿಗಳಲ್ಲಿ ವಿಜ್ಞಾನಿಗಳು ಹೀಲಿಯಂ ಬಲೂನಿಗೆ ಅಂಟು ಬಲೆ ಕಟ್ಟಿ, ರಾತ್ರಿ ಹೊತ್ತು 40 ಮೀಟರಿನಿಂದ 290 ಮೀಟರ್ ಎತ್ತರದವರೆಗೆ ಏರಿಸಿದರು. ಬೆಳಿಗ್ಗೆ ಇಳಿಸಿ ನೋಡಿದರೆ ಬಲೆಯಲ್ಲಿ ಮಲೇರಿಯಾ ಸೊಳ್ಳೆಯ ಜಾತಿಯವೂ ಇದ್ದವು. 2019ರಲ್ಲಿ ಅದು ಪ್ರಕಟವಾಯಿತು. ಆದರೆ ಉಳಿದ ಲೆಕ್ಕವನ್ನೂ ಕೇಳು. 617 ಬಾರಿ ಬಲೆ ಏರಿಸಿದ್ದಕ್ಕೆ ಅನಾಫಿಲಿಸ್, ಅಂದರೆ ಮಲೇರಿಯಾ ಹರಡುವ ಕುಲದ ಸೊಳ್ಳೆ, ಸಿಕ್ಕಿದ್ದು 235. ಸರಾಸರಿ ಎರಡು ಬಲೆಗೆ ಒಂದೂ ಬೀಳಲಿಲ್ಲ. ಆ 300 ಕಿಲೋಮೀಟರ್ ಕೂಡ ಸೊಳ್ಳೆಯ ಬೆನ್ನು ಹತ್ತಿ ಅಳೆದದ್ದಲ್ಲ. ಒಂಬತ್ತು ತಾಸು ಗಾಳಿಯಲ್ಲಿ ತೇಲಿದರೆ ಎಲ್ಲಿಯವರೆಗೆ ಹೋದೀತು ಎಂದು ಗಾಳಿಯ ದಿಕ್ಕು, ವೇಗ ಹಿಡಿದು ಹಾಕಿದ ಲೆಕ್ಕ. ಅಲ್ಲಿನವರಿಗೆ ಅದು ದೊಡ್ಡ ಸಂಗತಿಯೇ. ತಿಂಗಳುಗಟ್ಟಲೆ ಒಣಗಿ ಬಿದ್ದ ನೆಲದಲ್ಲಿ ಮೊದಲ ಮಳೆಗೇ ಸೊಳ್ಳೆ ಎಲ್ಲಿಂದ ಬಂತು ಎಂಬ ಹಳೆಯ ಪ್ರಶ್ನೆಗೆ ಅದು ಒಂದು ಉತ್ತರ. ನಮ್ಮ ಊರ ಜ್ವರಕ್ಕೆ ಅದು ಉತ್ತರವಲ್ಲ.

ನಮ್ಮ ಕಡೆ ಹಳ್ಳಿಗಳಲ್ಲಿ ಮಲೇರಿಯಾ ಹಬ್ಬಿಸುವುದು ಮುಖ್ಯವಾಗಿ ಒಂದೇ ಜಾತಿ, ಅನಾಫಿಲಿಸ್ ಕ್ಯೂಲಿಸಿಫೇಸಿಸ್. ಹೆಸರು ಬಾಯಿಪಾಠವಾಗಲು ನನಗೆ ಒಂದು ವರ್ಷ ಹಿಡಿಯಿತು. ಕಾಲುವೆ ಅಂಚು, ಹಳ್ಳದ ಮಡು, ಗದ್ದೆ, ಮಳೆನೀರು ನಿಂತ ಗುಂಡಿ ಅದರ ತವರು. ಮನುಷ್ಯನಿಗಿಂತ ದನದ ರಕ್ತ ಅದಕ್ಕೆ ಹೆಚ್ಚು ಇಷ್ಟ. ನೌಕರಿಯಲ್ಲಿದ್ದಾಗ ಕೀಟ ತಜ್ಞರ ತಂಡದೊಂದಿಗೆ ನಸುಕಿನಲ್ಲಿ ಕೊಟ್ಟಿಗೆಗಳಿಗೆ ಹೋಗುತ್ತಿದ್ದೆವು. ಕೈಯಲ್ಲಿ ಬ್ಯಾಟರಿ, ಬಾಯಲ್ಲಿ ಗಾಜಿನ ಕೊಳವೆ. ಗೋಡೆಗೆ ಕೂತ ಸೊಳ್ಳೆಯ ಮೇಲೆ ಕೊಳವೆಯ ತುದಿ ಇಟ್ಟು ಸರ್ರನೆ ಉಸಿರು ಎಳೆದರೆ ಸೊಳ್ಳೆ ಒಳಗೆ. ನಡುವೆ ಬಟ್ಟೆಯ ಜಾಲರಿ ಇರುತ್ತದೆ, ನುಂಗುವುದಿಲ್ಲ, ನಗಬೇಡಿ. ಹೊಟ್ಟೆ ಕೆಂಪಗೆ ಉಬ್ಬಿ ಅಲ್ಲಾಡಲಾರದಂತೆ ಕೂತಿರುತ್ತಿದ್ದವು. ಎತ್ತಿನಿಂದ ಗೋಡೆಗೆ ಎರಡು ಮಾರು ದೂರ. ರಕ್ತ ಕುಡಿ, ಎರಡು ಮೂರು ದಿನ ಸುಧಾರಿಸಿಕೋ, ಗುಂಡಿಗೆ ಹೋಗಿ ಮೊಟ್ಟೆ ಇಡು, ಮತ್ತೆ ಕೊಟ್ಟಿಗೆಗೆ ಬಾ. ಅದರ ಸಂಸಾರ ಇಷ್ಟೇ. ಗುಂಡಿ ಮತ್ತು ಕೊಟ್ಟಿಗೆ ಇನ್ನೂರು ಹೆಜ್ಜೆಯಲ್ಲಿದ್ದರೆ ಅದು ದೇಶಾಂತರ ಹೋಗುವುದೇಕೆ? ಸಾಮಾನ್ಯವಾಗಿ ಅದರ ಓಡಾಟವೆಲ್ಲ ಒಂದೆರಡು ಕಿಲೋಮೀಟರಿನೊಳಗೆ. ಸೊಳ್ಳೆಗಳಿಗೆ ಬಣ್ಣದ ಪುಡಿ ಹಚ್ಚಿ ಬಿಟ್ಟು, ಮತ್ತೆ ಎಲ್ಲಿ ಸಿಗುತ್ತವೆ ಎಂದು ಹಿಡಿದು ನೋಡಿಯೇ ಇಂಥದ್ದನ್ನು ತಿಳಿಯುತ್ತಾರೆ.

ಈ ಪ್ರಶ್ನೆ ನೀನೇ ಮೊದಲು ಕೇಳಿದ್ದಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕ್ರಿಮಿಯನ್ನು ರೊನಾಲ್ಡ್ ರಾಸ್ ಎಂಬ ವೈದ್ಯ ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಆಗ ಕಲಬುರಗಿ, ಬೀದರ್, ಯಾದಗಿರಿ ಎಲ್ಲವೂ ಅದೇ ನಿಜಾಮರ ರಾಜ್ಯ, ನಮ್ಮ ಅಂಗಳದಲ್ಲೇ ಎನ್ನಬಹುದು. ಗುಂಡಿ ಮುಚ್ಚಿದರೆ ಹೊರಗಿನ ಸೊಳ್ಳೆ ಬಂದು ತುಂಬಿಕೊಳ್ಳುವುದಿಲ್ಲವೇ ಎಂದು ಅವನಿಗೂ ಜನ ಕೇಳುತ್ತಿದ್ದರು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಅವನು ಅದನ್ನು ಗಣಿತದಿಂದ ಬಿಡಿಸಲು ಹೊರಟ. ಗೊತ್ತುಗುರಿಯಿಲ್ಲದೆ ಅತ್ತಿತ್ತ ಹಾರುವ ಜೀವಿ ಬಹುಪಾಲು ಹುಟ್ಟಿದ ಜಾಗದ ಆಸುಪಾಸಿನಲ್ಲೇ ಉಳಿಯುತ್ತದೆ ಎಂಬುದು ಅವನ ವಾದ. ಮರುವರ್ಷ ಕಾರ್ಲ್ ಪಿಯರ್ಸನ್ ಎಂಬ ಗಣಿತಜ್ಞ ಇದನ್ನೇ ಕುಡುಕನ ನಡಿಗೆಗೆ ಹೋಲಿಸಿದ. ಬಯಲಿನಲ್ಲಿ ತೂರಾಡುವವನನ್ನು ಹುಡುಕಬೇಕಾದರೆ ಅವನು ಹೊರಟ ಜಾಗದ ಹತ್ತಿರವೇ ಹುಡುಕು ಎಂದ. ಸೇಂದಿ ಅಂಗಡಿ ಇದ್ದ ಕಾಲ ನೋಡಿದ ನಮಗೆ ಇದಕ್ಕೆ ಗಣಿತ ಬೇಕಾಗಿರಲಿಲ್ಲ.

ಹಾಗೆಂದು ನಮ್ಮೂರ ಗುಂಡಿಯೊಂದನ್ನೇ ನೋಡಿಕೊಂಡರೆ ಸಾಕು ಎನ್ನುವುದಿಲ್ಲ. ಆ ತಪ್ಪನ್ನು ನಾನೇ ಮಾಡಿದ್ದೇನೆ. ಒಂದು ಮಳೆಗಾಲ ನಮ್ಮೂರಿನಲ್ಲಿ ಹನಿ ನೀರು ನಿಲ್ಲದಂತೆ ಕಾದೆ, ಬಾವಿಗೆ ಮೀನು ಬಿಡಿಸಿದೆ, ಮೇಲಿನವರಿಂದ ಭೇಷ್ ಅನ್ನಿಸಿಕೊಂಡೆ. ಶ್ರಾವಣ ಮುಗಿಯುವಷ್ಟರಲ್ಲಿ ಪೂರ್ವದ ಓಣಿಯಲ್ಲಿ ನಾಲ್ಕು ಜನಕ್ಕೆ ಚಳಿಜ್ವರ. ಒಂದು ಕಿಲೋಮೀಟರ್ ಆಚೆ, ಪಕ್ಕದ ಊರಿನ ಸೀಮೆಯಲ್ಲಿ, ಕೆಲಸ ನಿಂತ ಒಂದು ಗಣಿ ಇತ್ತು. ಸೀಮೆಯ ಕಲ್ಲು ಸೊಳ್ಳೆಗೆ ಗೊತ್ತೇ? ಸುತ್ತ ಒಂದು ಕಿಲೋಮೀಟರ್ ಎಂದರೆ ಸುಮಾರು 775 ಎಕರೆ ನೋಡಬೇಕು. ಎರಡು ಕಿಲೋಮೀಟರ್ ಎಂದರೆ 3,100 ಎಕರೆ. ದೂರ ಎರಡು ಪಟ್ಟು, ನೆಲ ನಾಲ್ಕು ಪಟ್ಟು. ಆದ್ದರಿಂದ ಆಚೆ ಊರಿನವರನ್ನೂ ಕೂಡಿಸಿಕೊಳ್ಳಬೇಕು, ಇನ್ನೂರು ರೂಪಾಯಿ ಅವರೂ ಕೊಡಲಿ. ನಿನ್ನ ಸಿಟ್ಟಿಗೆ ಅಲ್ಲಿ ಕೆಲಸವಿದೆ, ಹೋಗಿ ಅವರೊಡನೆ ಜಗಳವಾಡು.

ಶಾಂತಾ ಹೊಗೆ ಯಂತ್ರ ತರಿಸಿ ಎಂದಿದ್ದಾಳೆ. ಶಾಂತಾ, ಹೊಗೆ ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ನೀರಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ. ಅದೂ ಅವರು ಹೊಡೆಯುವುದು ಗಟಾರದ ಮೇಲೆ. ಗಟಾರದಲ್ಲಿ ಇರುವುದು ಬೇರೆ ಸೊಳ್ಳೆ. ಮಲೇರಿಯಾದ್ದಕ್ಕೆ ತಿಳಿ ನೀರು ಬೇಕು. ಬಿಳಿ ಸೌಟಿನಲ್ಲಿ ಗುಂಡಿಯ ಅಂಚಿನ ನೀರು ಎತ್ತಿ ನೋಡು, ಜೀರಿಗೆ ತೇಲಿದಂತೆ ನೀರಿನ ಮೇಲೆ ಅಡ್ಡಡ್ಡ ಮಲಗಿದ್ದರೆ ಅದು ಅನಾಫಿಲಿಸ್. ಬಾಲ ಮೇಲೆ ಮಾಡಿ ತಲೆಕೆಳಗಾಗಿ ಜೋತುಬಿದ್ದಿದ್ದರೆ ಬೇರೆ.

ಈಗ ಸಿದ್ದು, ಈ ಮಾತನ್ನು ಗುಂಪಿನಲ್ಲಿ ಆಡಬಾರದಿತ್ತು, ಆದರೆ ನೀನೇ ಎಲ್ಲರ ಮುಂದೆ ಕೇಳಿದೆ. ನೂರಾರು ಕಿಲೋಮೀಟರ್ ಪ್ರಯಾಣ ಮಾಡುವ ಮಲೇರಿಯಾ ಒಂದು ಇದೆ. ಅದು ಬರುವುದು ಮುಂಬೈ ರೈಲಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ ಕೂತು, ಮನುಷ್ಯನ ರಕ್ತದಲ್ಲಿ. ಹಿಂದೊಮ್ಮೆ ನಮ್ಮೂರ ಹುಡುಗನೊಬ್ಬ ಕಟ್ಟಡದ ಕೆಲಸದಿಂದ ಜ್ವರ ಹೊತ್ತು ಬಂದು ಕೊಟ್ಟಿಗೆ ಪಕ್ಕದ ಕಟ್ಟೆಯ ಮೇಲೆ ಎಂಟು ದಿನ ಮಲಗಿದ. ಅವನನ್ನು ಕಚ್ಚಿದ ಸೊಳ್ಳೆಯಲ್ಲಿ ಕ್ರಿಮಿ ಬಲಿಯಲು ಹತ್ತು ಹದಿನಾಲ್ಕು ದಿನ, ಅದು ಕಚ್ಚಿದವರಿಗೆ ಜ್ವರ ಬರಲು ಮತ್ತೆ ಅಷ್ಟೇ ದಿನ. ತಿಂಗಳು ತುಂಬುವ ಹೊತ್ತಿಗೆ ಅಕ್ಕಪಕ್ಕದ ಮೂರು ಮನೆಗಳಲ್ಲಿ ಮಕ್ಕಳು ನಡುಗುತ್ತಿದ್ದವು. ಸೊಳ್ಳೆ ಹಾರಿದ್ದು ಮೂರು ಮನೆ, ಉಳಿದ ದಾರಿಯನ್ನೆಲ್ಲ ಅವನೇ ಸವೆಸಿದ್ದ.

ನಿನಗೆ ಹೋದ ತಿಂಗಳು ಮಲೇರಿಯಾ ಬಂದಿತ್ತು, ವೈವ್ಯಾಕ್ಸ್ ಎಂಬ ಜಾತಿಯ ಕ್ರಿಮಿ ಎಂದು ಚೀಟಿಯಲ್ಲಿ ಬರೆದಿತ್ತು, ಮೂರು ದಿನ ಮಾತ್ರೆ ನುಂಗಿ ಜ್ವರ ಬಿಟ್ಟಿತೆಂದು ಉಳಿದದ್ದನ್ನು ಎಸೆದೆ ಎಂದು ನಿನ್ನವ್ವ ಹೇಳಿದಳು. ವೈವ್ಯಾಕ್ಸ್ ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ. ಅದನ್ನು ಬೇರುಸಹಿತ ಕೀಳಲೆಂದೇ 14 ದಿನ ಪ್ರಿಮಾಕ್ವಿನ್ ಎಂಬ ಮಾತ್ರೆ ಕೊಡುವುದು. ಅದು ಎಲ್ಲರಿಗೂ ಒಗ್ಗುವುದಿಲ್ಲ, ಗರ್ಭಿಣಿಯರಿಗೆ ಕೊಡುವುದೇ ಇಲ್ಲ. ಹಾಗಾಗಿ ನೀನೇ ಅಂಗಡಿಯಿಂದ ತಂದು ನುಂಗಬೇಡ, ವೈದ್ಯರು ಹೇಳಿದಂತೆ ಮಾಡು.

ಪಂಚಮಿಗೆ ಬರುತ್ತೀಯಲ್ಲ, ಇಳಿದ ದಿನವೇ ಆಶಾ ಕಾರ್ಯಕರ್ತೆಯನ್ನು ಮನೆಗೆ ಕರೆಸುತ್ತೇನೆ, ಬೆರಳು ಚುಚ್ಚಿಸಿಕೋ. ಅಲ್ಲಿಯವರೆಗೆ ಕೊಟ್ಟಿಗೆ ಕಟ್ಟೆಯ ಮೇಲೆ ಮಲಗುವುದು ಬೇಡ, ಒಳಗೆ ಸೊಳ್ಳೆ ಪರದೆ ಕಟ್ಟಿಸಿರುತ್ತೇನೆ. ಮರುದಿನ ಗುಂಡಿಗೆ ಹೋಗೋಣ. ಸಣ್ಣವಕ್ಕೆ ಗರಸು, ದೊಡ್ಡದಕ್ಕೆ ಗಪ್ಪಿ ಮೀನು. ಹಳ್ಳಕ್ಕೆ ಮಾತ್ರ ಮೀನು ಬಿಡುವ ಉತ್ಸಾಹ ಯಾರೂ ತೋರಿಸಬೇಡಿ, ಅಲ್ಲಿನ ಸ್ಥಳೀಯ ಮೀನುಗಳ ಮರಿಗಳಿಗೆ ಅದು ಕಂಟಕ. ಸೌಟು ನನ್ನ ಬಳಿ ಇದೆ. ಇನ್ನೂರು ರೂಪಾಯಿ ನೀನು ತಾ.